ಥೇಮ್ಸ್‌ಗೆ ಬಂದ ದೋಣಿಗಳು, ಲಂಡನ್ನಿಗೆ ಬಂದ ಲಾರಿಗಳು

2016ರ ಜೂನ್ 15ರಂದು ಲಂಡನ್ನಿನ ಥೇಮ್ಸ್ ನದಿಯಲ್ಲಿ ಮೀನುಗಾರರ ದೋಣಿಗಳು ಮೆರವಣಿಗೆ ಹೊರಟವು. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕು ಎಂಬುದು ಅವರ ಬೇಡಿಕೆ. ಮುಂದಾಳು ನೈಜೆಲ್ ಫರಾಜ್. ಎಂಟು ದಿನಗಳ ನಂತರ ನಡೆದ ಜನಮತಗಣನೆಯಲ್ಲಿ ಶೇ. 51.9ರಷ್ಟು ಮತಗಳು ಹೊರಬರುವುದರ ಪರ ಬಿದ್ದವು. ಗ್ರಿಮ್ಸ್‌ಬಿ ಮೀನು ಬಂದರು ಇರುವ ಜಿಲ್ಲೆಯಲ್ಲಿ ಆ ಪ್ರಮಾಣ ಸುಮಾರು ಶೇ. 70.

2021ರ ಜನವರಿ 18ರಂದು ಅದೇ ಲಂಡನ್ನಿಗೆ ಮೀನು ಸಾಗಿಸುವ ಲಾರಿಗಳು ಬಂದು, ಪ್ರಧಾನಿ ನಿವಾಸದ ಹತ್ತಿರ ನಿಂತವು. ದೋಣಿ ತಂದವರೇ ಲಾರಿ ತಂದರು ಎನ್ನಲಾಗದು. ಲಾರಿಯವರಲ್ಲಿ ಸ್ಕಾಟ್ಲೆಂಡಿನ ರಫ್ತುದಾರರೇ ಹೆಚ್ಚು, ಸ್ಕಾಟ್ಲೆಂಡ್ ಶೇ. 62ರಷ್ಟು ಮತ ಹಾಕಿದ್ದು ಒಕ್ಕೂಟದಲ್ಲೇ ಉಳಿಯಲು. ಆದರೆ ಎರಡೂ ಪ್ರತಿಭಟನೆಗಳ ಹಿಂದಿದ್ದದ್ದು ಸಮುದ್ರ ನಂಬಿದವರ ಬದುಕು. ಅದಕ್ಕೇ ಇವೆರಡನ್ನೂ ಒಟ್ಟಿಗೆ ಓದಬೇಕು ಅನ್ನಿಸುತ್ತದೆ ನಮಗೆ.

ಮೀನುಗಾರರ ಸಿಟ್ಟು ಸುಳ್ಳಲ್ಲ. 1973ರಲ್ಲಿ ಬ್ರಿಟನ್ ಒಕ್ಕೂಟ ಸೇರಿದ ಮೇಲೆ ಅದರ ಕಡಲಿನಲ್ಲಿ ಫ್ರಾನ್ಸ್, ನೆದರ್‌ಲ್ಯಾಂಡ್ಸ್ ದೋಣಿಗಳಿಗೂ ಹಕ್ಕು ಸಿಕ್ಕಿತು. ಯಾರು ಎಷ್ಟು ಹಿಡಿಯಬೇಕೆಂಬ ಕೋಟಾ ಬಂತು. ಆದರೆ ಗ್ರಿಮ್ಸ್‌ಬಿ, ಹಲ್ ಬಂದರುಗಳ ದೊಡ್ಡ ಟ್ರಾಲರ್‌ಗಳಿಗೆ ದೊಡ್ಡ ಏಟು ಬಿದ್ದದ್ದು ಬೇರೆ ಕಡೆಯಿಂದ. ಐಸ್‌ಲ್ಯಾಂಡ್ ತನ್ನ ಕಡಲ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. ‘ಕಾಡ್ ಯುದ್ಧ’ ಎಂದೇ ಹೆಸರಾದ ಜಟಾಪಟಿ 1976ರಲ್ಲಿ ಬ್ರಿಟನ್ನಿನ ಸೋಲಿನಲ್ಲಿ ಮುಗಿಯಿತು. ಐಸ್‌ಲ್ಯಾಂಡ್ ಒಕ್ಕೂಟದ ಸದಸ್ಯ ದೇಶವೇ ಅಲ್ಲ. ಇನ್ನು, ದೇಶದೊಳಗೆ ಕೋಟಾ ಹಂಚಿದ್ದು ಬ್ರಿಟನ್ ಸರ್ಕಾರವೇ. ಅದರ ದೊಡ್ಡ ಪಾಲು ದೊಡ್ಡ ಕಂಪನಿಗಳಿಗೆ ಹೋಯಿತು. ಸಣ್ಣ ದೋಣಿಯವರಿಗೆ ಸಿಕ್ಕಿದ್ದು ಚೂರುಪಾರು. ಈ ಎಲ್ಲ ನೋವಿಗೂ ಬ್ರಸೆಲ್ಸ್ ಒಂದೇ ಕಾರಣ ಎಂದು ಹೇಳುವುದು ರಾಜಕಾರಣಿಗಳಿಗೆ ಸುಲಭವಾಗಿತ್ತು.

ಇನ್ನೊಂದು ಮಾತು ಪ್ರಚಾರದಲ್ಲಿ ಮುಳುಗಿಹೋಯಿತು. ಬ್ರಿಟನ್ನಿನವರು ಹಿಡಿಯುವ ಮೀನಿನಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲೂ ಯುರೋಪಿಗೆ. ಕಡಲು ತಮ್ಮದಾದರೆ ಸಾಲದು, ಮಾರುಕಟ್ಟೆಯೂ ಬೇಕು. 2021ರ ಜನವರಿ 1ರಿಂದ ಪ್ರತಿ ಸರಕಿಗೂ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಕಾಗದ ಬೇಕಾಯಿತು. ಕಾಗದಕ್ಕೆ ಕಾಯುವಷ್ಟು ತಾಳ್ಮೆ ಹಸಿ ಮೀನಿಗೆಲ್ಲಿ? ವೇಲ್ಸ್ ಮತ್ತು ಇಂಗ್ಲೆಂಡಿನ ಹಲವು ಕಡೆಯ ಜೀವಂತ ಕಪ್ಪೆಚಿಪ್ಪಿಗಂತೂ ಯುರೋಪಿನ ಬಾಗಿಲೇ ಮುಚ್ಚಿತು: ಹೊರಗಿನ ದೇಶದವರು ಶುದ್ಧೀಕರಿಸಿಯೇ ಕಳಿಸಬೇಕೆಂಬ ನಿಯಮ ಈಗ ಬ್ರಿಟನ್ನಿಗೂ ಅನ್ವಯ.

ರೈತರ ಕಥೆಯೂ ಬೇರೆಯಲ್ಲ. ಆಸ್ಟ್ರೇಲಿಯಾದ ಜೊತೆಗಿನ ವ್ಯಾಪಾರ ಒಪ್ಪಂದ ಬ್ರಿಟನ್ನಿಗೆ ಅಷ್ಟೇನೂ ಒಳ್ಳೆಯದಲ್ಲ ಎಂದು ಕೃಷಿ ಸಚಿವರಾಗಿದ್ದ, ಸ್ವತಃ ಬ್ರೆಕ್ಸಿಟ್ ಬೆಂಬಲಿಗ ಜಾರ್ಜ್ ಯೂಸ್ಟಿಸ್ 2022ರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡರು. ಈಚಿನ ವರ್ಷಗಳ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಬಂದದ್ದು ತಪ್ಪು ಎನ್ನುತ್ತಿದ್ದಾರೆ. ಈ ಪಶ್ಚಾತ್ತಾಪಕ್ಕೆ ‘ಬ್ರೆಗ್ರೆಟ್’ ಎಂಬ ಪದವೂ ಹುಟ್ಟಿದೆ.

2025ರ ಮೇ 19ರಂದು ಬ್ರಿಟನ್ ಮತ್ತೆ ಒಕ್ಕೂಟದೊಂದಿಗೆ ಮಾತಿಗೆ ಕೂತಿತು. ಆಹಾರ ರಫ್ತಿನ ತಪಾಸಣೆ ಸಡಿಲಿಸುವ ಒಪ್ಪಂದದತ್ತ ಹೆಜ್ಜೆ ಇಟ್ಟಿತು. ಜೊತೆಗೆ ಯುರೋಪಿನ ದೋಣಿಗಳಿಗೆ ತನ್ನ ಕಡಲಿನಲ್ಲಿ ಇನ್ನೂ 12 ವರ್ಷ, 2038ರವರೆಗೆ, ಅವಕಾಶ ಕೊಟ್ಟಿತು. ಯಾವುದರ ಹೆಸರಲ್ಲಿ ದೋಣಿಗಳು ಥೇಮ್ಸ್‌ಗೆ ಬಂದಿದ್ದವೋ, ಅದೇ ಮೊದಲು ಚೌಕಾಸಿಗೆ ಬಂತು.

ಹಳ್ಳಿ, ಬಂದರುಗಳ ಸುದ್ದಿ ಬರೆಯುವ ನಮಗೆ ಇದರಲ್ಲಿ ಪಾಠವಿದೆ. ಜನರ ನೋವನ್ನು ದಾಖಲಿಸುವುದು ಅರ್ಧ ಕೆಲಸ ಮಾತ್ರ. ಆ ನೋವಿಗೆ ಯಾರು ಕಾರಣ ಎಂದು ವೇದಿಕೆಯ ಮೇಲಿನವರು ಹೇಳಿದಾಗ, ಅದನ್ನು ಕಡತ ತೆರೆದು ನೋಡುವುದು ಉಳಿದರ್ಧ. ಮತ ಹಾಕುವ ಮೊದಲೇ ಅದು ಓದುಗರ ಕೈ ಸೇರಬೇಕು.