ಸ್ಟ್ರಾಬೆರಿಯ ಬೂದುಬೂಷ್ಟು ರೋಗ: ಸಾವಯವ ನಿರ್ವಹಣೆ

ಬೂದುಬೂಷ್ಟು ರೋಗ ಬೊಟ್ರೈಟಿಸ್ ಸಿನೆರಿಯ ಎಂಬ ಶಿಲೀಂಧ್ರದಿಂದ ಸ್ಟ್ರಾಬೆರಿಯ ಹೂ, ಕಾಯಿ, ಹಣ್ಣುಗಳಿಗೆ ತಗಲುವ ಕೊಳೆರೋಗ. ರಾಸ್ಪ್‌ಬೆರಿ, ಬ್ಲೂಬೆರಿ, ದ್ರಾಕ್ಷಿಗಳನ್ನೂ ಬಾಧಿಸುತ್ತದೆ. ಸತ್ತ ಎಲೆ, ಒಣಗಿದ ಹಣ್ಣುಗಳಲ್ಲಿ ಉಳಿದುಕೊಳ್ಳುವ ಶಿಲೀಂಧ್ರ 15–25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೇವ ಹೆಚ್ಚು ಹೊತ್ತು ನಿಂತಾಗ ಹಬ್ಬುತ್ತದೆ.

ಸೋಂಕು ಬಹುಪಾಲು ಹೂವಿನಲ್ಲೇ ತಗಲಿ, ಹಣ್ಣಾಗುವವರೆಗೆ ಸುಪ್ತವಾಗಿರುತ್ತದೆ. ಬೂಷ್ಟು ಕಂಡ ಮೇಲಿನ ಸಿಂಪಡಣೆ ಆ ಹಣ್ಣನ್ನು ಉಳಿಸದು. ಆದ್ದರಿಂದ ಹೂ ಬಿಡುವ ಕಾಲವೇ ನಿರ್ವಹಣೆಯ ನಿರ್ಣಾಯಕ ಘಟ್ಟ. ಒಣಗಿದ ಎಲೆ, ಕೊಳೆತ ಹಣ್ಣುಗಳನ್ನು ತೋಟದಿಂದ ಹೊರಹಾಕುವುದು, ಗಾಳಿಯಾಡುವಷ್ಟು ಅಂತರ, ಹನಿ ನೀರಾವರಿ, ಮಿತವಾದ ಸಾರಜನಕ, ಹಣ್ಣು ಮಣ್ಣಿಗೆ ತಾಗದಂತೆ ಒಣಹುಲ್ಲಿನ ಹೊದಿಕೆ ಮೂಲಕ್ರಮಗಳು. ಮಳೆಯಿಂದ ಮರೆಮಾಡುವ ಪ್ಲಾಸ್ಟಿಕ್ ಸುರಂಗಗಳು ರೋಗವನ್ನು ಗಣನೀಯವಾಗಿ ತಗ್ಗಿಸುತ್ತವೆ.

ಜೈವಿಕ ನಿಯಂತ್ರಣಕ್ಕೆ ಟ್ರೈಕೋಡರ್ಮ, ಬ್ಯಾಸಿಲಸ್ ಸಬ್ಟಿಲಿಸ್ ಬಳಕೆಯಲ್ಲಿವೆ. ಕ್ಲೋನೊಸ್ಟಾಕಿಸ್ ರೋಸಿಯ ಎಂಬ ಉಪಕಾರಿ ಶಿಲೀಂಧ್ರವನ್ನು ಜೇನ್ನೊಣಗಳೇ ಹೂವಿಗೆ ಮುಟ್ಟಿಸುವ ವಿಧಾನ ವಿಶೇಷ ಗಮನಾರ್ಹ: ಗೂಡಿನ ಬಾಯಲ್ಲಿ ಇಟ್ಟ ತಟ್ಟೆಯ ಪುಡಿ ಹೊರಡುವ ನೊಣದ ಮೈಗೆ ಅಂಟಿ, ಪರಾಗಸ್ಪರ್ಶದೊಂದಿಗೆ ಹೂವಿನಲ್ಲಿ ನೆಲೆಯೂರುತ್ತದೆ, ರೋಗಕಾರಕಕ್ಕೆ ಅಲ್ಲಿ ಜಾಗ ಸಿಗದು. ಈ ಉಪಕಾರಿ ಶಿಲೀಂಧ್ರದ ಒಂದು ತಳಿಗೆ ಅಮೆರಿಕದಲ್ಲಿ 2019ರಲ್ಲಿ ಮಾನ್ಯತೆ ದೊರೆಯಿತು. ಸುಪ್ತ ಸೋಂಕು ಕೊಯ್ಲಿನ ನಂತರವೂ ಹೊರಬರಬಹುದಾದ್ದರಿಂದ ಕೊಯ್ದ ಹಣ್ಣನ್ನು ತಡಮಾಡದೆ 0 ಡಿಗ್ರಿಯ ಸಮೀಪಕ್ಕೆ ತಂಪಾಗಿಸಲಾಗುತ್ತದೆ. ಆ ಶೀತದಲ್ಲೂ ಶಿಲೀಂಧ್ರದ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.