ಚಳಿಗಿಂತ ಮುಂಚೆ ತೆನೆ: ರಾಗಿ ತಳಿಗಳ ನೂರು ವರ್ಷ

ಆಗಸ್ಟ್ ಮುಗಿಯುತ್ತ ಬಂದರೂ ಹದ ಮಳೆ ಬಾರದಿದ್ದರೆ ಬಂಗಾರಪೇಟೆ ಸೀಮೆಯ ರಾಗಿ ಹೊಲಗಳಿಗೆ ಎರಡು ಕಾಟ. ಮೊದಲನೆಯದು ಬರ, ಅದು ಎಲ್ಲರ ಬಾಯಲ್ಲೂ ಇರುವಂಥದ್ದು. ಎರಡನೆಯದು ಯಾರೂ ಅಷ್ಟಾಗಿ ಮಾತಾಡದ ಚಳಿ. ತಡವಾಗಿ ಬಿತ್ತಿದ ಪೈರಿಗೆ ಕಾಳು ಕಟ್ಟುವ ಹೊತ್ತಿಗೆ ಮಾರ್ಗಶಿರದ ಇಬ್ಬನಿ ಬಿದ್ದಿರುತ್ತದೆ. ತೆನೆ ಹೊರಡುವುದು ನಿಧಾನ, ಹಾಲುದುಂಬುವುದು ಇನ್ನೂ ನಿಧಾನ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದ ಈ ಭಾಗದ ತಂಪು ಕೋಲಾರ ಚಿನ್ನದ ಗಣಿಯ (ಕೆ.ಜಿ.ಎಫ್.) ಇಂಗ್ಲಿಷ್ ಅಧಿಕಾರಿಗಳಿಗೆ ಹಿತವಾಗಿತ್ತು, ಕೆ.ಜಿ.ಎಫ್.ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಬಂತು. ಬೆಚ್ಚನೆಯ ಹವೆ ಬೇಡುವ ರಾಗಿಗೆ ಆ ತಂಪು ಒಗ್ಗುವುದಿಲ್ಲ.

ಕಾರು ರಾಗಿ, ಹೈನು ರಾಗಿ ಎಂದು ಕಾಲಕ್ಕೊಂದು ಬೀಜ ಇಟ್ಟುಕೊಳ್ಳುತ್ತಿದ್ದ ಹಳಬರಿಗೆ ಇದು ಗೊತ್ತಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಶುರು ಮಾಡಿದ್ದೂ ಅಂಥ ನಾಡತಳಿಗಳಿಂದಲೇ. ಕೆನಡಾದ ಲೆಸ್ಲಿ ಕೋಲ್ಮನ್ ಇಲಾಖೆ ನಡೆಸುತ್ತಿದ್ದ ದಿನಗಳಲ್ಲಿ, 1918ರಲ್ಲಿ, ಎಚ್–22 ಹೊರಬಂತು. ಅದು ಸಂಕರ ತಳಿಯಲ್ಲ. ಇರುವುದರಲ್ಲೇ ಒಳ್ಳೆಯ ತೆನೆ ಆರಿಸಿ, ಅದರ ಸಂತಾನವನ್ನಷ್ಟೇ ಬೆಳೆಸಿ ಪಡೆದದ್ದು. ಮುಂದೆ ಬಹುಕಾಲ ಕೆಲಸ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗಿತು.

ಸಂಕರಕ್ಕೆ ಕೈಹಾಕಲು ಹಿಂಜರಿದದ್ದಕ್ಕೆ ಕಾರಣ ರಾಗಿಯ ಹೂವು. ತೆನೆಯ ಒಂದೊಂದು ಇಲುಕಿನ ಮೇಲೂ ಪುಟ್ಟ ಹೂಗೊಂಚಲುಗಳು ಎರಡು ಸಾಲಾಗಿ ಒತ್ತಿ ಕೂತಿರುತ್ತವೆ, ಒಂದೊಂದು ಗೊಂಚಲಲ್ಲೂ ಹಲವು ಹೂಗಳು, ಒಂದೊಂದು ಹೂವೂ ಕೆಲವೇ ಮಿಲಿಮೀಟರ್. ಇನ್ನೂ ಕತ್ತಲಿರುವಾಗಲೇ ಅರಳಿ, ತಮ್ಮದೇ ಪರಾಗದಿಂದ ಗರ್ಭ ಕಟ್ಟಿಕೊಂಡು, ಬೆಳಕು ಹರಿಯುವಷ್ಟರಲ್ಲಿ ಕೆಲಸ ಮುಗಿಸಿರುತ್ತವೆ. ಭತ್ತದಲ್ಲಿ ಮಾಡುವಂತೆ ಚಿಮಟ ಹಿಡಿದು ಕೇಸರ ಕೀಳುವುದು ಇಲ್ಲಿ ಕಣ್ಣು ಕೆಡಿಸಿಕೊಳ್ಳುವ ಕೆಲಸ. 1930ರ ದಶಕದಲ್ಲಿ ಕೊಯಮತ್ತೂರಿನ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ ರಾಗಿಯ ಬಣ್ಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎಂಬುದನ್ನು ಬಿಡಿಸಿಟ್ಟರು. ಗಿಡದ ನೇರಳೆ ಬಣ್ಣ ಹಸಿರಿನ ಎದುರು ಪ್ರಬಲ ಗುಣ. ತಳಿಗಾರರಿಗೆ ಅಷ್ಟು ಸಾಕಾಯಿತು: ಹಸಿರು ಗಿಡದ ತೆನೆಯನ್ನೂ ನೇರಳೆ ಗಿಡದ ತೆನೆಯನ್ನೂ ಒಟ್ಟಿಗೆ ಕಟ್ಟಿ ಚೀಲ ಹೊದಿಸುವುದು, ಹಸಿರು ತಾಯಿಯ ಬೀಜ ಬಿತ್ತಿ ಮಡಿಯಲ್ಲಿ ನೇರಳೆ ಸಸಿ ಹುಡುಕುವುದು. ಸಿಕ್ಕರೆ ಅದೇ ಸಂಕರ. ಸಿಗುತ್ತಿದ್ದದ್ದು ಬಲು ಅಪರೂಪ.

ಇಂಥ ಕೆಲಸಕ್ಕೆ ಆಯುಷ್ಯ ಸವೆಸಿದವರು ಸಿ.ಎಚ್. ಲಕ್ಷ್ಮಣಯ್ಯ. ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟ ಮೇಲೆ ಅವರ ಕಣ್ಣು ಆಫ್ರಿಕಾದ ರಾಗಿಯ ಮೇಲೆ ಬಿತ್ತು. ಉಗಾಂಡ, ಇಥಿಯೋಪಿಯ ಸೀಮೆ ರಾಗಿಯ ತವರು. ಅಲ್ಲಿನ ಗಿಡಗಳ ಕಾಂಡ ದಪ್ಪ, ತೆನೆ ಭಾರ. ನಮ್ಮವು ಬೇಗ ಮಾಗುತ್ತವೆ, ತೆಂಡೆ ಚೆನ್ನಾಗಿ ಒಡೆಯುತ್ತವೆ. ಎರಡನ್ನೂ ಕೂಡಿಸಿ, ಇಂಡಿಯಾ ಮತ್ತು ಆಫ್ರಿಕಾ ಹೆಸರುಗಳನ್ನೂ ಕೂಡಿಸಿ, ‘ಇಂಡಾಫ್’ ಸರಣಿ ಬಂತು. ಡಿ.ಎನ್.ಎ. ಮಾತೇ ಇಲ್ಲದ ಪ್ರಯೋಗ ಇದು. ರಾಗಿಯ ಚರಿತ್ರೆಯಲ್ಲಿ ಇದರಷ್ಟು ದೊಡ್ಡ ಜಿಗಿತ ಇನ್ನೊಂದಿಲ್ಲ ಎಂದರೆ ಅತಿಶಯವಲ್ಲ.

ಆದರೆ ಇಂಡಾಫ್‌ಗಳಲ್ಲಿ ಹಲವು ಬೆಂಕಿರೋಗಕ್ಕೆ ಸಿಕ್ಕಿ ಸೊರಗಿದವು. ಅದಕ್ಕೆ ಉತ್ತರವೂ ಆಫ್ರಿಕಾದಿಂದಲೇ ಬಂತು. ರೋಗಕ್ಕೆ ಬಗ್ಗದ ಐ.ಇ.–1012 ಎಂಬ ಸಾಲಿನ ರಕ್ತ ಬೆರೆಸಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ತಳಿಗಾರರು 1990ರ ದಶಕದಲ್ಲಿ ಕೊಟ್ಟ ಜಿ.ಪಿ.ಯು.–28, ಸುಮಾರು 110 ದಿನಗಳ ಬೆಳೆ, ದಕ್ಷಿಣ ಕರ್ನಾಟಕದ ಹೊಲಗಳನ್ನು ತುಂಬಿತು. ಚಳಿಯ ಪ್ರಶ್ನೆಗೆ ಸಿಕ್ಕಿದ ಪರಿಹಾರವೂ ದಿನದ ಲೆಕ್ಕದ್ದೇ. ಮಳೆ ಬೇಗ ಬಂದರೆ ಎಂ.ಆರ್.–6ರಂಥ ದೀರ್ಘಾವಧಿ ತಳಿ, ತಡವಾದರೆ ಜಿ.ಪಿ.ಯು.–48ರಂಥ ಕಡಿಮೆ ದಿನದ್ದು. ಇದು ಚಳಿಯನ್ನು ತಡೆದುಕೊಳ್ಳುವ ಜಾಣತನವಲ್ಲ, ಅದರ ಕೈಗೆ ಸಿಗದೆ ಪಾರಾಗುವ ಜಾಣತನ.

ನಿಜವಾದ ಚಳಿ ಸಹಿಷ್ಣುತೆಯ ಸಂಶೋಧನೆ ನಡೆದದ್ದು ಭತ್ತದಲ್ಲಿ. ಜಪಾನಿನ ಉತ್ತರ ತುದಿಯ ಹೊಕ್ಕೈಡೊದಲ್ಲಿ ಬೇಸಿಗೆಯೇ ತಣ್ಣಗಾದ ವರ್ಷ ತೆನೆಗಳು ಜೊಳ್ಳಾಗುತ್ತಿದ್ದವು. ಪರಾಗ ರೂಪುಗೊಳ್ಳುವ ಕೆಲವೇ ದಿನಗಳ ಚಳಿ ಅದಕ್ಕೆ ಕಾರಣವೆಂದು ಅಲ್ಲಿನವರು ಕಂಡುಕೊಂಡರು. 2008ರಲ್ಲಿ, ತಣ್ಣನೆಯ ನೀರಿನಲ್ಲೂ ಬೀಜ ಮೊಳೆಯಿಸುವ ಜೀನ್ ಇಟಲಿಯ ತಳಿಯೊಂದರಲ್ಲಿ ಸಿಕ್ಕಿತು. 2015ರಲ್ಲಿ ಚೀನಾದ ವಿಜ್ಞಾನಿಗಳು ‘ಕೋಲ್ಡ್–1’ ಎಂಬ ಜೀನನ್ನು ಗುರುತಿಸಿದರು. ಉತ್ತರದ ಜಪಾನಿಕ ಭತ್ತ ತಾಳಿಕೊಳ್ಳುವ ಚಳಿಗೆ ನಮ್ಮ ಇಂಡಿಕ ಭತ್ತ ಬಾಡುವುದರ ಹಿಂದೆ ಆ ಜೀನಿನ ಒಂದೇ ಅಕ್ಷರದ ವ್ಯತ್ಯಾಸಕ್ಕೂ ಪಾಲಿದೆ. ಚಳಿ ತಟ್ಟಿದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಎಚ್ಚರಿಕೆ ಕೊಡುವ ವ್ಯವಸ್ಥೆಯ ಭಾಗ ಅದು.

ಭತ್ತದ ಈ ತಿಳಿವಳಿಕೆ ರಾಗಿಗೂ ಒದಗೀತೇ? ಒದಗುವ ಸಾಧ್ಯತೆ 2007ರಲ್ಲಿ ಕಂಡಿತು. ಆ ವರ್ಷ ರಾಗಿಯ ಮೊದಲ ಜೀನ್ ನಕ್ಷೆ ಸಿದ್ಧವಾಯಿತು. ರಾಗಿಯ ಒಂಬತ್ತು ವರ್ಣತಂತು ಗುಂಪುಗಳಲ್ಲಿ ಆರು, ಭತ್ತದ ಒಂದೊಂದು ವರ್ಣತಂತುವಿಗೆ ಸಾಲುಸಾಲಾಗಿ ಹೊಂದಿಕೊಂಡವು. ಉಳಿದ ಮೂರರಲ್ಲಿ ಭತ್ತದ ಎರಡೆರಡು ಸೇರಿಕೊಂಡಿದ್ದವು. ತೊಡಕು ಬೇರೆಡೆ ಇದೆ. ರಾಗಿ ಎರಡು ಹುಲ್ಲುಗಳು ಬೆರೆತು ಹುಟ್ಟಿದ ಬೆಳೆ, ಅದರ 36 ವರ್ಣತಂತುಗಳಲ್ಲಿ ಎರಡು ಕುಟುಂಬಗಳ ಜೀನ್‌ಗಳಿವೆ. ಹೀಗಾಗಿ ಒಂದು ಗುಣಕ್ಕೆ ಎರಡು ಕಡೆ ಹುಡುಕಬೇಕು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು, ಬರ ತಾಳುವ ಎಂ.ಎಲ್.–365 ತಳಿಯ ಜೀನೋಮ್ ಕರಡನ್ನು ಪ್ರಕಟಿಸಿದರು. 85,243 ಜೀನ್‌ಗಳು, ಅವುಗಳಲ್ಲಿ ಬರಕ್ಕೆ ಸ್ಪಂದಿಸುವವು 2,866. ತಮ್ಮದೇ ನೆಲದ ತಳಿಯನ್ನು ಓದಿದ ಹೆಮ್ಮೆ ಸಲ್ಲಬೇಕಾದದ್ದೇ, ಆದರೂ ಅದು ತುಂಡುತುಂಡಾಗಿದ್ದ ಕರಡು. ಕೀನ್ಯಾದ ತಳಿಯೊಂದರ ವರ್ಣತಂತುಗಳನ್ನು ಇಡಿಯಾಗಿ ಜೋಡಿಸಿದ ವರದಿ ಬಂದದ್ದು 2023ರಲ್ಲಿ. ಅದರ ಬೆಳಕಿನಲ್ಲಿ ಸುಳಿವು ಸಿಕ್ಕಿದ್ದು ಚಳಿಯ ಜೀನಿಗಲ್ಲ, ಹೂವಿನ ಶಲಾಕಾಗ್ರವನ್ನು ನೇರಳೆ ಮಾಡುವ ಜೀನಿಗೆ. ಬಣ್ಣ ಕಣ್ಣಿಗೆ ಕಾಣುತ್ತದೆ, ಅಳೆಯುವುದು ಸುಲಭ. ಚಳಿ ಸಹಿಷ್ಣುತೆಗೆ ಜಿ.ಕೆ.ವಿ.ಕೆ.ಯಲ್ಲಿ ಕಾಪಿಟ್ಟ ಸಾವಿರಾರು ರಾಗಿ ಮಾದರಿಗಳನ್ನು ತಡವಾಗಿ ಬಿತ್ತಿ, ಡಿಸೆಂಬರಿನ ಹೊಲದಲ್ಲಿ ಯಾವುದು ಕಾಳು ಕಟ್ಟಿತು, ಯಾವುದು ಜೊಳ್ಳಾಯಿತು ಎಂದು ಒಂದೊಂದಾಗಿ ಎಣಿಸಬೇಕಾಗುತ್ತದೆ.