ಜರ್ಮನಿ ಹೊರಹಾಕಿದವರು, ಜರ್ಮನಿ ಬೆಳೆಸಿದವರು: ಬೆಂಗಳೂರಿಗೆ ಬಂದ ಮೂವರು

ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದವರು ಅಲ್ಲಿನ ಮಾರುತ್ ಯುದ್ಧವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ತಾರೆ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಅದರ ವಿನ್ಯಾಸದ ನೇತೃತ್ವ ವಹಿಸಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್. ಅವರ ಕಥೆ ಶುರುವಾಗೋದು ಎರಡು ಮಹಾಯುದ್ಧಗಳ ನಡುವಿನ ಜರ್ಮನಿಯಲ್ಲಿ.

ಆ 20 ವರ್ಷ ಏನಾಯ್ತು?

1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದ ಸೋತ ಜರ್ಮನಿಯ ಸೇನೆಯನ್ನು 1 ಲಕ್ಷಕ್ಕೆ ಇಳಿಸಿತು, ವಾಯುಪಡೆಯನ್ನೇ ನಿಷೇಧಿಸಿತು, ಮೇಲೆ ಯುದ್ಧ ಪರಿಹಾರ ಹೇರಿತು. ಕಂತು ಬಾಕಿಯಾದಾಗ, 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನುಗ್ಗಿತು. ಪ್ರತಿಭಟಿಸಿ ಕೆಲಸ ಬಿಟ್ಟ ಕಾರ್ಮಿಕರಿಗೆ ಕೂಲಿ ಕೊಡಲು ಸರ್ಕಾರ ನೋಟು ಮುದ್ರಿಸುತ್ತಾ ಹೋಯಿತು. ಆ ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್! ಮಧ್ಯಮ ವರ್ಗದ ಉಳಿತಾಯವೆಲ್ಲ ನೀರುಪಾಲು.

ಆಮೇಲೆ ಅಮೆರಿಕದ ಸಾಲದಿಂದ ಸ್ವಲ್ಪ ಚೇತರಿಕೆ. 1929ರ ಕುಸಿತದ ನಂತರ ಆ ಸಾಲವೂ ನಿಂತಿತು. 1932ರಲ್ಲಿ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳು. 1928ರಲ್ಲಿ ಶೇ 2.6 ಮತ ಪಡೆದಿದ್ದ ನಾಜಿ ಪಕ್ಷ, 1932ರ ಜುಲೈನಲ್ಲಿ ಶೇ 37 ದಾಟಿತು. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್.

ಹೊರಬಿದ್ದವರು

1933ರ ಏಪ್ರಿಲ್ 7ರ ಕಾನೂನು ಯಹೂದಿಗಳನ್ನೂ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ನೌಕರಿಯಿಂದ ಕಿತ್ತುಹಾಕಿತು. ಗಾಟಿಂಗನ್‌ನ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುದ್ದೆ ಕಳೆದುಕೊಂಡರು. ಸಿ.ವಿ. ರಾಮನ್ ಆಹ್ವಾನದ ಮೇಲೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ರಾಮನ್ ಅವರಿಗೆ ಕಾಯಂ ಹುದ್ದೆ ಕೊಡಿಸಲು ಹೊರಟಾಗ ಸಂಸ್ಥೆಯೊಳಗೇ ವಿರೋಧ ಎದ್ದಿತು. ಸ್ವಂತ ದೇಶವೇ ಓಡಿಸಿದ ಎರಡನೇ ದರ್ಜೆಯವರು ನಮಗೇಕೆ ಎಂಬರ್ಥದ ಮಾತನ್ನು ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಆಡಿದ್ದನ್ನು ಬಾರ್ನ್ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1936ರಲ್ಲಿ ಬಾರ್ನ್ ಎಡಿನ್‌ಬರೋ ಸೇರಿದರು, 1954ರಲ್ಲಿ ನೊಬೆಲ್ ಪಡೆದರು.

ಬಾರ್ನ್ ಅವರ ಸೋದರಳಿಯ, ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಕೂಡ 1933ರಲ್ಲೇ ಕೆಲಸ ಕಳೆದುಕೊಂಡು ಈಜಿಪ್ಟ್ ಸೇರಿದ್ದರು. 1939ರಲ್ಲಿ ಮೈಸೂರು ಸಂಸ್ಥಾನ ಅವರಿಗೆ ಕೆಲಸ ಕೊಟ್ಟಿತು. ಮುಂದೆ ಭುವನೇಶ್ವರದ ನಗರ ಯೋಜನೆ ರೂಪಿಸಿದ್ದು ಇವರೇ.

ಉಳಿದು ಬೆಳೆದವರು

ಟ್ಯಾಂಕ್ ದಾರಿಯೇ ಬೇರೆ. ಯುದ್ಧವಿಮಾನಕ್ಕೆ ನಿಷೇಧ ಇದ್ದ ಕಾಲದಲ್ಲಿ ಜರ್ಮನ್ ವಿದ್ಯಾರ್ಥಿಗಳು ಎಂಜಿನ್ ಇಲ್ಲದ ಗ್ಲೈಡರ್‌ಗಳ ಮೇಲೆ ಕಲಿತರು; ಟ್ಯಾಂಕ್ ಆ ತಲೆಮಾರಿನವರು. 1931ರಲ್ಲಿ ಫಾಕೆ-ವುಲ್ಫ್ ಕಂಪನಿ ಸೇರಿದರು. ನಾಜಿ ಸರ್ಕಾರ ಮರುಶಸ್ತ್ರೀಕರಣಕ್ಕೆ ಹಣ ಸುರಿದಾಗ ಕಂಪನಿಯೂ ಬೆಳೆಯಿತು, ಇವರೂ ಬೆಳೆದರು. ಯುದ್ಧಕಾಲದಲ್ಲಿ ಅದೇ ಕಂಪನಿಗೆ ಬಲವಂತದ ಕಾರ್ಮಿಕರು ದುಡಿದರು. ಯುದ್ಧದ ನಂತರ ಅರ್ಜೆಂಟೀನಾ, 1956ರಲ್ಲಿ ಎಚ್‌ಎಎಲ್. ಮಾರುತ್ ಮೊದಲ ಹಾರಾಟ 1961ರ ಜೂನ್ 17ಕ್ಕೆ. ಒಟ್ಟು 147 ತಯಾರಾದವು. ಶಕ್ತಿಶಾಲಿ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ.

ಯಾಕೆ ನೆನಪಿಡಬೇಕು?

ಒಪ್ಪಂದದ ನಿಷೇಧದಿಂದ ವಿದ್ಯೆ ಸಾಯಲಿಲ್ಲ, ಗ್ಲೈಡರ್‌ನಲ್ಲಿ ಬದುಕಿತು. ತನ್ನವರನ್ನೇ ಓಡಿಸಿದ ದೇಶ ಅವರ ವಿದ್ಯೆಯನ್ನೂ ಕಳೆದುಕೊಂಡಿತು. ಇಷ್ಟು ಜರ್ಮನಿಯ ಪಾಠ. ನಮ್ಮ ಪಾಲಿನದು ಇನ್ನೊಂದಿದೆ: ಓಡಿಸಲ್ಪಟ್ಟ ವಿಜ್ಞಾನಿಗೆ ಈ ಊರಲ್ಲಿ ಒಂದು ಕುರ್ಚಿ ಸಿಗಲಿಲ್ಲ, ಹಿಟ್ಲರನ ವಾಯುಪಡೆಗೆ ವಿಮಾನ ಕಟ್ಟಿದವರಿಗೆ ಕಾರ್ಖಾನೆಯೇ ಸಿಕ್ಕಿತು. ಕಾಲ ಬೇರೆ, ಸರ್ಕಾರ ಬೇರೆ, ಅಗತ್ಯವೂ ಬೇರೆ, ನಿಜ. ಆದರೂ ಮಾರುತ್ ಬಗ್ಗೆ ಹೆಮ್ಮೆಪಡುವಾಗ ಈ ಲೆಕ್ಕವೂ ಗೊತ್ತಿರಲಿ.